‘ಅದು ಏಜೆನ್ಸಿ ಮಾಡಿದ್ದು’ ಅಂದರೆ ಕಂಪನಿಯ ಹೊಣೆ ಮುಗಿಯುತ್ತಾ?

2024ರ ಫೆಬ್ರವರಿ 2ರಂದು ನಟಿ ಪೂನಂ ಪಾಂಡೆಯ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಒಂದು ಪೋಸ್ಟ್ ಬಂತು. ಗರ್ಭಕಂಠದ ಕ್ಯಾನ್ಸರ್‌ನಿಂದ ಆಕೆ ತೀರಿಕೊಂಡರು ಎಂದು ಅದರಲ್ಲಿತ್ತು. ಚಾನೆಲ್‌ಗಳು, ಪತ್ರಿಕೆಗಳ ಜಾಲತಾಣಗಳು ಸುದ್ದಿ ಹಾಕಿದವು. ನಮ್ಮ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ‘ಓಂ ಶಾಂತಿ’ಗಳ ಸಾಲು. ಮರುದಿನ ಆಕೆಯೇ ವಿಡಿಯೊದಲ್ಲಿ ಕಾಣಿಸಿಕೊಂಡು, ಬದುಕಿದ್ದೇನೆ, ಇದೆಲ್ಲ ಜಾಗೃತಿ ಮೂಡಿಸಲು ಮಾಡಿದ್ದು ಅಂದರು. ಅದರ ಬೆನ್ನಿಗೇ ಮುಂಬೈನ ಡಿಜಿಟಲ್ ಏಜೆನ್ಸಿ ಶ್ಬ್ಯಾಂಗ್, ಹಾಟರ್‌ಫ್ಲೈ ಎಂಬ ಮಾಧ್ಯಮ ವೇದಿಕೆಯ ಜೊತೆಗೂಡಿ ನಡೆದ ಈ ಪ್ರಚಾರದಲ್ಲಿ ತಾನೂ ಇದ್ದೆ ಎಂದು ಒಪ್ಪಿಕೊಂಡಿತು. ಕ್ಷಮೆ ಕೇಳಿತು. ಕ್ಷಮೆಯ ಜೊತೆಗೇ, ಆ ಕಾಯಿಲೆಯ ಹೆಸರು ಎಷ್ಟೊಂದು ಹೆಡ್‌ಲೈನ್‌ಗಳಲ್ಲಿ ಬಂತು ಎಂಬ ಲೆಕ್ಕವನ್ನೂ ಕೊಟ್ಟಿತು.

ಕಾಯಿಲೆ ಸಣ್ಣದಲ್ಲ. 2020ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತದೆ, 77 ಸಾವಿರ ಮಂದಿ ಸಾಯುತ್ತಾರೆ. ಲಸಿಕೆ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತನ್ನ ಸರ್ವಾವ್ಯಾಕ್ ಅನ್ನು 2023ರಲ್ಲಿ ಬಿಡುಗಡೆ ಮಾಡಿತ್ತು. ಆ ಸುಳ್ಳು ಪೋಸ್ಟ್ ಬರುವ ಹಿಂದಿನ ದಿನವಷ್ಟೇ ಹಣಕಾಸು ಸಚಿವೆ ಬಜೆಟ್ ಭಾಷಣದಲ್ಲಿ 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆ ಹಾಕಿಸುವುದಕ್ಕೆ ಉತ್ತೇಜನ ಕೊಡುವ ಮಾತಾಡಿದ್ದರು. ಹಾಗಾಗಿ ಉದ್ದೇಶ ಒಳ್ಳೆಯದೇ ಇತ್ತಲ್ಲ ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು ಒಮ್ಮೆ ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಸುತ್ತ ನಡೆದು ಬರಲಿ. ಮುಂಬೈನ ಜಾಹೀರಾತು, ಪಿಆರ್ (ಸಾರ್ವಜನಿಕ ಸಂಪರ್ಕ) ಕಚೇರಿಗಳು ಸಾಲಾಗಿರುವ ಲೋವರ್ ಪರೇಲ್‌ನಿಂದ ಅದು ದೂರವೇನಲ್ಲ. ಉತ್ತರ ಕರ್ನಾಟಕದಿಂದ ಬಂದವರೂ ಸೇರಿದಂತೆ ಎಷ್ಟೋ ಮನೆಯವರು ಅಲ್ಲಿನ ಫುಟ್‌ಪಾತಿನಲ್ಲೇ ದಿನ ತಳ್ಳುತ್ತಾರೆ. ಈ ಸಾವಿನ ಸುದ್ದಿ ಅವರ ಫೋನಿಗೂ ಬಂದಿರುತ್ತದೆ, ಅಲ್ವಾ?

ಆ ವಾರ ಎಲ್ಲರೂ ಬೈದದ್ದು ನಟಿಯನ್ನು. ಸ್ವಲ್ಪ ಮಂದಿ ಏಜೆನ್ಸಿಯನ್ನು. ಈ ಐಡಿಯಾಕ್ಕೆ ಒಪ್ಪಿಗೆ ಕೊಟ್ಟವರು ಯಾರು, ದುಡ್ಡು ಯಾರದು, ಬೇಡ ಎಂದು ಹೇಳುವ ಅಧಿಕಾರ ಆ ಕೋಣೆಯಲ್ಲಿ ಯಾರಿಗಿತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಏಳಲೇ ಇಲ್ಲ. ಪಿಆರ್ ನೈತಿಕತೆಯ ವಿಷಯ ಬಂದಾಗೆಲ್ಲ ಹೀಗೇ ಆಗುತ್ತದೆ. ಕೈ ಕಾಣುತ್ತದೆ, ಕೈ ಹಿಡಿದು ಬರೆಸಿದವರು ಕಾಣುವುದಿಲ್ಲ.

ಏನನ್ನು ಮಾರುತ್ತಾರೆ?

ಪಿಆರ್ ಎಂದರೆ ಪಬ್ಲಿಕ್ ರಿಲೇಷನ್ಸ್, ಸಾರ್ವಜನಿಕ ಸಂಪರ್ಕ. ಜಾಹೀರಾತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಸರಿಯಾಗಿ ಹಿಡಿಯಬೇಕು. ಜಾಹೀರಾತಿನಲ್ಲಿ ಕಂಪನಿ ದುಡ್ಡು ಕೊಟ್ಟು ಜಾಗ ಕೊಳ್ಳುತ್ತದೆ, ಅಲ್ಲಿ ತನ್ನ ಬಾಯಿಂದಲೇ ತನ್ನನ್ನು ಹೊಗಳಿಕೊಳ್ಳುತ್ತದೆ. ಓದುವವರಿಗೂ ಅದು ಗೊತ್ತು, ಅರ್ಧ ನಂಬಿ ಅರ್ಧ ಬಿಡುತ್ತಾರೆ. ಪಿಆರ್‌ನಲ್ಲಿ ಅದೇ ಮಾತು ಇನ್ನೊಬ್ಬರ ಬಾಯಿಂದ ಬರಬೇಕು. ವರದಿಗಾರ, ಡಾಕ್ಟರು, ಅರ್ಥಶಾಸ್ತ್ರಜ್ಞ, ರೀಲ್ಸ್ ಮಾಡುವ ಹುಡುಗಿ, ಯಾರಾದರೂ ಸರಿ. ಅವರ ಮೇಲೆ ಜನ ಇಟ್ಟಿರುವ ನಂಬಿಕೆಯೇ ಇಲ್ಲಿನ ಬಂಡವಾಳ. ಆ ನಂಬಿಕೆಯನ್ನು ಕಡ ತಂದುಕೊಡುವುದಕ್ಕೆ ಏಜೆನ್ಸಿಗೆ ತಿಂಗಳ ಫೀ, ಅಂದರೆ ರಿಟೇನರ್.

ಇದರಲ್ಲಿ ಬಹುಪಾಲು ಕೆಲಸ ಸಾದಾ, ಪ್ರಾಮಾಣಿಕ ಕೆಲಸವೇ. ಹೊಸ ಕಾರ್ಖಾನೆ ತೆರೆದರೆ ಪ್ರೆಸ್ ನೋಟ್ ಕಳಿಸುವುದು, ವರದಿಗಾರರಿಗೆ ಅಂಕಿಅಂಶ ಒದಗಿಸುವುದು, ಅವಘಡವಾದಾಗ ಮಾತಾಡಲು ಒಬ್ಬರನ್ನು ಸಿದ್ಧಪಡಿಸುವುದು. ನಾನೂ ಮುಂಬೈನಲ್ಲಿ ಕೆಲವು ವರ್ಷ ಇಂಥ ಪ್ರೆಸ್ ನೋಟ್‌ಗಳನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೇನೆ. ಒಂದೇ ನೋಟು ಮರಾಠಿ, ಹಿಂದಿ, ಗುಜರಾತಿ, ಕನ್ನಡಗಳಲ್ಲಿ ಒಂದೇ ಸಂಜೆ ಹೊರಡುತ್ತದೆ. ಮೂರು ನಾಲ್ಕು ಜನ ಸೇರಿ ಪುಟ ಕಟ್ಟುವ ಸಣ್ಣ ಪತ್ರಿಕೆಗೆ ಅಚ್ಚುಕಟ್ಟಾದ ಕನ್ನಡ ನೋಟ್ ಸಿಕ್ಕರೆ ಅದೇ ದೊಡ್ಡ ಉಪಕಾರ. ಹೆಡ್‌ಲೈನ್ ಬದಲಿಸಿ ಹಾಗೇ ಹಾಕುತ್ತಾರೆ. ಓದುವವರು ಅದನ್ನು ಪತ್ರಿಕೆಯ ಮಾತೆಂದೇ ಓದುತ್ತಾರೆ. ಇಷ್ಟರವರೆಗೆ ಯಾರೂ ಸುಳ್ಳು ಹೇಳಿಲ್ಲ. ಆದರೆ ಮಾತು ಯಾರದು ಎಂಬುದು ಆಗಲೇ ಸ್ವಲ್ಪ ಮಸುಕಾಗಿದೆ. ಈ ಮಸುಕನ್ನು ಎಷ್ಟು ದೂರ ಎಳೆಯಬಹುದು ಎಂಬಲ್ಲಿ ನೈತಿಕತೆಯ ಪ್ರಶ್ನೆ ಶುರುವಾಗುತ್ತದೆ.

ನನ್ನ ಗೆರೆ ಹೀಗಿದೆ. ಕಂಪನಿಯ ಎಂಡಿ ಹೆಸರಿನಲ್ಲಿ ಬರುವ ಲೇಖನವನ್ನು ಏಜೆನ್ಸಿಯ ಹುಡುಗಿಯೊಬ್ಬಳು ಬರೆದರೆ ನನಗೆ ತಕರಾರಿಲ್ಲ. ಆತ ಓದಿ, ಒಪ್ಪಿ, ನಾಳೆ ಯಾರಾದರೂ ಕೇಳಿದರೆ ಅದು ನನ್ನ ಮಾತೇ ಅಂದರೆ ಸಾಕು. ಅದೇ ಹುಡುಗಿ ‘ಸ್ವತಂತ್ರ’ ವೈದ್ಯರೊಬ್ಬರ ಹೆಸರಿನಲ್ಲಿ ಔಷಧ ಕಂಪನಿಗೆ ಬೇಕಾದ ಲೇಖನ ಬರೆದರೆ ಅದು ಮೋಸ. ಎರಡೂ ಕಡೆ ಬರೆದದ್ದು ಬೇರೆಯವರೇ. ಎರಡನೆಯದರಲ್ಲಿ ದುಡ್ಡು ಎಲ್ಲಿಂದ ಬಂತು ಎಂಬುದನ್ನು ಓದುಗರಿಂದ ಮುಚ್ಚಿಡಲಾಗಿದೆ.

2011ರಲ್ಲಿ ನಡೆದದ್ದು ನೋಡಿ. ಅಮೆರಿಕದ ದೊಡ್ಡ ಪಿಆರ್ ಸಂಸ್ಥೆ ಬರ್ಸನ್ ಮಾರ್ಸ್‌ಟೆಲರ್‌ನವರು ಗೂಗಲ್ ಜನರ ಖಾಸಗಿತನಕ್ಕೆ ಧಕ್ಕೆ ತರುತ್ತಿದೆ ಎಂದು ಬರೆಯುವಂತೆ ಪತ್ರಕರ್ತರಿಗೆ, ಬ್ಲಾಗರ್‌ಗಳಿಗೆ ಗಂಟುಬಿದ್ದಿದ್ದರು. ಬರೆಯಲು ನಾವೇ ನೆರವಾಗುತ್ತೇವೆ ಎಂದೂ ಹೇಳಿದ್ದರು. ಒಬ್ಬ ಬ್ಲಾಗರ್ ಒಂದೇ ಪ್ರಶ್ನೆ ಕೇಳಿದ: ನಿಮಗೆ ದುಡ್ಡು ಕೊಡುತ್ತಿರುವವರು ಯಾರು? ಹೇಳಲಾಗುವುದಿಲ್ಲ ಎಂಬ ಉತ್ತರ ಬಂತು. ಆತ ಇಡೀ ಇಮೇಲ್ ಮಾತುಕತೆಯನ್ನು ಪ್ರಕಟಿಸಿಬಿಟ್ಟ. ಹಿಂದೆ ಇದ್ದದ್ದು ಫೇಸ್‌ಬುಕ್. ಆಮೇಲೆ ಫೇಸ್‌ಬುಕ್ ಒಪ್ಪಿಕೊಂಡಿತು, ಏಜೆನ್ಸಿಯೂ ಗಿರಾಕಿಯ ಹೆಸರು ಬಚ್ಚಿಟ್ಟದ್ದು ತನ್ನದೇ ನಿಯಮಕ್ಕೆ ವಿರುದ್ಧ ಎಂದು ಹೇಳಿತು. ಗೂಗಲ್ ಬಗ್ಗೆ ಅವರು ಎತ್ತಿದ್ದ ಪ್ರಶ್ನೆಗಳಲ್ಲಿ ಹುರುಳು ಇದ್ದಿರಲೂಬಹುದು. ಆದರೆ ಅದೇ ವ್ಯಾಪಾರದ ಪ್ರತಿಸ್ಪರ್ಧಿ ಈ ಪ್ರಶ್ನೆ ಎತ್ತಿಸುತ್ತಿದ್ದಾನೆ ಎಂದು ಗೊತ್ತಾದರೆ ಓದುಗ ಬೇರೆಯೇ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ಹಾಕುವ ಅವಕಾಶವನ್ನು ಕಸಿದುಕೊಂಡದ್ದೇ ಇಲ್ಲಿನ ತಪ್ಪು.

ತಿಂಗಳ ಕೊನೆಯ ಫೈಲು

ಏಜೆನ್ಸಿಯ ತಂತ್ರಗಳು ಯಾಕೆ ಕೆಡುತ್ತವೆ ಎಂಬುದಕ್ಕೆ ಕೆಟ್ಟ ಜನ ಎಂಬ ಉತ್ತರ ಸುಲಭದ್ದು. ಅಷ್ಟು ಸಾಲದು. ತಿಂಗಳ ಕೊನೆಯಲ್ಲಿ ಏಜೆನ್ಸಿ ಗಿರಾಕಿಗೆ ಒಂದು ಫೈಲು ಒಪ್ಪಿಸುತ್ತದೆ. ಎಷ್ಟು ಪತ್ರಿಕೆಗಳಲ್ಲಿ ಬಂತು, ಎಷ್ಟು ಕಾಲಂ ಸೆಂಟಿಮೀಟರ್ ಬಂತು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು. ಈ ಕೊನೆಯ ಲೆಕ್ಕಕ್ಕೆ ಎವಿಇ ಎನ್ನುತ್ತಾರೆ. ಸುದ್ದಿಗೆ ಜಾಹೀರಾತಿಗಿಂತ ತೂಕ ಜಾಸ್ತಿ ಎಂದು ಹೇಳಿ, ಬಂದ ಮೊತ್ತವನ್ನು ಮೂರರಿಂದ ಗುಣಿಸಿ ತೋರಿಸುವವರೂ ಇದ್ದಾರೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದವರೇ ಎವಿಇ ಪಿಆರ್‌ನ ಬೆಲೆಯಲ್ಲ ಎಂದು ಘೋಷಿಸಿದರು. ಆದರೂ ಅದು ಸಾಯಲಿಲ್ಲ. ಗಿರಾಕಿ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರಿಗೆ ಮೇಲಿನವರ ಮುಂದೆ ಹಿಡಿಯಲು ಒಂದು ರೂಪಾಯಿ ಮೊತ್ತ ಬೇಕೇ ಬೇಕು.

ಈಗ ಯೋಚಿಸಿ. ಸೆಂಟಿಮೀಟರ್ ಲೆಕ್ಕದಲ್ಲಿ ಕೆಲಸ ಅಳೆದರೆ ಸೆಂಟಿಮೀಟರ್ ತರುವ ದಾರಿಗಳೇ ಹುಟ್ಟುತ್ತವೆ. ಪತ್ರಿಕಾಗೋಷ್ಠಿಯ ಕೊನೆಯಲ್ಲಿ ಗಿಫ್ಟ್ ವೋಚರ್. ಪತ್ರಿಕೆಯಲ್ಲಿ ದುಡ್ಡು ಕೊಟ್ಟ ಪುರವಣಿ. ಬಾಡಿಗೆ ಖಾತೆಗಳಿಂದ ಹ್ಯಾಶ್‌ಟ್ಯಾಗ್ ಟ್ರೆಂಡ್. ಹೀಗೆ ಮಾಡಿ ಎಂದು ಗಿರಾಕಿ ಎಲ್ಲೂ ಬರೆದುಕೊಟ್ಟಿರುವುದಿಲ್ಲ. ‘ಈ ತಿಂಗಳು ಸಂಖ್ಯೆ ಕಮ್ಮಿ ಆಯ್ತಲ್ಲ’ ಎಂದಷ್ಟೇ ಹೇಳಿರುತ್ತಾರೆ. ಉಳಿದದ್ದು ತಾನಾಗೇ ಆಗುತ್ತದೆ. ಸಿಕ್ಕಿಬಿದ್ದ ದಿನ ಕೆಲಸ ಹೋಗುವುದು ಗಿರಾಕಿಯ ಕೆಲಸ ನೋಡಿಕೊಳ್ಳುವ, ಎರಡು ವರ್ಷದ ಅನುಭವದ ಅಕೌಂಟ್ ಎಕ್ಸಿಕ್ಯೂಟಿವ್‌ನದು.

ದುಡ್ಡು ಕೊಟ್ಟು ಸುದ್ದಿ ಹಾಕಿಸುವ ಕಥೆಯಲ್ಲಿ ಮಹಾರಾಷ್ಟ್ರಕ್ಕೆ ದೊಡ್ಡ ಹೆಸರೇ ಇದೆ. ಟೈಮ್ಸ್ ಆಫ್ ಇಂಡಿಯಾ ಪ್ರಕಟಿಸುವ ಬೆನೆಟ್ ಕೋಲ್ಮನ್ ಕಂಪನಿ 2003ರಲ್ಲಿ ಮೀಡಿಯಾನೆಟ್ ಎಂಬ ವಿಭಾಗ ತೆರೆದು ಪುರವಣಿಗಳ ಸುದ್ದಿಜಾಗವನ್ನೇ ಬಹಿರಂಗವಾಗಿ ಮಾರಾಟಕ್ಕಿಟ್ಟಿತು. ಆಮೇಲೆ ‘ಪ್ರೈವೇಟ್ ಟ್ರೀಟಿ’ ಬಂತು, ಅಂದರೆ ಕಂಪನಿಗಳ ಷೇರು ಪಡೆದು ಬದಲಿಗೆ ಜಾಹೀರಾತು ಜಾಗ ಕೊಡುವುದು. ಷೇರು ಕೈಯಲ್ಲಿರುವ ಪತ್ರಿಕೆ ಆ ಕಂಪನಿ ಬಗ್ಗೆ ಕಟುವಾಗಿ ಬರೆಯುತ್ತದೆಯೇ ಎಂಬ ಅನುಮಾನ ಷೇರುಪೇಟೆಯ ನಿಯಂತ್ರಕ ಸೆಬಿಗೂ ಬಂತು. 2009ರಲ್ಲಿ ಪತ್ರಿಕಾ ಮಂಡಳಿಗೆ ಪತ್ರ ಬರೆಯಿತು, 2010ರಲ್ಲಿ ಇಂಥ ಪಾಲು ಇದ್ದರೆ ಓದುಗರಿಗೆ ತಿಳಿಸಲೇಬೇಕು ಎಂದಿತು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಂತೂ ಒಬ್ಬರಿಗೊಬ್ಬರು ಪೈಪೋಟಿಯ ಪತ್ರಿಕೆಗಳಲ್ಲಿ ಒಂದೇ ಹೊಗಳಿಕೆಯ ಲೇಖನ ಅಕ್ಷರಕ್ಕೆ ಅಕ್ಷರ ಬಂದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ 71 ಪುಟಗಳ ವರದಿ ಕೊಟ್ಟಿತು. ಮಂಡಳಿ ಮಾತ್ರ ಅದನ್ನು ಚಿಕ್ಕದು ಮಾಡಿ ಹೊರಬಿಟ್ಟಿತು. ಪೂರ್ತಿ ವರದಿ ಜನರ ಕೈಗೆ ಬಂದದ್ದು 2011ರಲ್ಲಿ, ಮಾಹಿತಿ ಆಯೋಗದ ಆದೇಶದ ಮೇಲೆ. ಪೇಡ್ ನ್ಯೂಸ್ ಚರ್ಚೆಯಲ್ಲಿ ಸಾಮಾನ್ಯವಾಗಿ ಬೈಸಿಕೊಳ್ಳುವುದು ಪತ್ರಿಕೆಗಳು. ಮಾರುವವರಿದ್ದರೆ ಕೊಳ್ಳುವವರೂ ಇರಲೇಬೇಕಲ್ಲ?

ಏಜೆನ್ಸಿ ಮುಳುಗಿತು, ಗಿರಾಕಿ?

ಪಿಆರ್ ಲೋಕದಲ್ಲಿ ಎಲ್ಲರೂ ಹೇಳುವ ಎಚ್ಚರಿಕೆಯ ಕಥೆ ಬೆಲ್ ಪಾಟಿಂಜರ್‌ದು. ಲಂಡನ್ನಿನ ಪ್ರತಿಷ್ಠಿತ ಸಂಸ್ಥೆ. 2016ರಲ್ಲಿ ದಕ್ಷಿಣ ಆಫ್ರಿಕಾದ ಓಕ್‌ಬೇ ಕಂಪನಿ ತಿಂಗಳಿಗೆ ಒಂದು ಲಕ್ಷ ಪೌಂಡ್ ಕೊಟ್ಟು ಅದನ್ನು ಹಿಡಿಯಿತು. ಓಕ್‌ಬೇ ಯಾರದೆಂದರೆ, ನಮ್ಮ ಉತ್ತರ ಪ್ರದೇಶದ ಸಹಾರನ್‌ಪುರದಿಂದ ಹೋದ ಗುಪ್ತಾ ಸೋದರರದು. ಆಗಿನ ಅಧ್ಯಕ್ಷ ಜೇಕಬ್ ಜುಮಾ ಜೊತೆಗಿನ ನಂಟಿನಿಂದ ಸರ್ಕಾರವನ್ನೇ ತಮ್ಮ ಕೈಗೆ ತೆಗೆದುಕೊಂಡಿದ್ದಾರೆ ಎಂಬ ಆರೋಪ ಅವರ ಮೇಲಿತ್ತು. ಗಮನ ಬೇರೆಡೆ ತಿರುಗಬೇಕಿತ್ತು. ದೇಶದ ಕಷ್ಟಕ್ಕೆಲ್ಲ ‘ಬಿಳಿಯರ ಏಕಸ್ವಾಮ್ಯ ಬಂಡವಾಳ’ ಕಾರಣ ಎಂಬ ಪ್ರಚಾರ ಶುರುವಾಯಿತು. ನಕಲಿ ಟ್ವಿಟರ್ ಖಾತೆಗಳು ಅದನ್ನು ಹೊತ್ತು ತಿರುಗಿದವು. ವರ್ಣಭೇದ ಮುಗಿದು ಇಪ್ಪತ್ತು ವರ್ಷ ಕಳೆದಿದ್ದ ದೇಶದಲ್ಲಿ ಜನಾಂಗದ ಹೆಸರಿನಲ್ಲಿ ಬೆಂಕಿ ಹಚ್ಚುವ ಕೆಲಸ ಇದು. ಇದರ ಗುರಿಯಾದವರಲ್ಲಿ ಒಬ್ಬರು ಉದ್ಯಮಿ ಯೊಹಾನ್ ರೂಪರ್ಟ್. ಅವರ ರಿಶ್‌ಮಾಂಟ್ ಕಂಪನಿಯೂ ಬೆಲ್ ಪಾಟಿಂಜರ್‌ನ ಗಿರಾಕಿಯಾಗಿತ್ತು! ಒಬ್ಬ ಗಿರಾಕಿಯ ದುಡ್ಡಿನಿಂದ ಇನ್ನೊಬ್ಬ ಗಿರಾಕಿಗೆ ಕಲ್ಲು.

ದಕ್ಷಿಣ ಆಫ್ರಿಕಾದ ವಿರೋಧ ಪಕ್ಷ ಬ್ರಿಟನ್ನಿನ ಪಿಆರ್ ಸಂಘಕ್ಕೆ ದೂರು ಕೊಟ್ಟಿತು. 2017ರ ಸೆಪ್ಟೆಂಬರ್‌ನಲ್ಲಿ ಸಂಘ ಬೆಲ್ ಪಾಟಿಂಜರ್‌ನ ಸದಸ್ಯತ್ವ ಕಿತ್ತುಹಾಕಿತು. ಗಿರಾಕಿಗಳು ಓಡಿಹೋದರು. ಅದೇ ತಿಂಗಳಲ್ಲಿ ಸಂಸ್ಥೆ ದಿವಾಳಿಯ ದಾರಿ ಹಿಡಿಯಿತು. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ, ನ್ಯಾಯ ಸಿಕ್ಕಿತು ಎಂಬಂತೆ. ನನಗೆ ಅಷ್ಟು ಸಮಾಧಾನವಿಲ್ಲ. ಪಿಆರ್ ಸಂಘಕ್ಕೆ ಶಿಕ್ಷಿಸಲು ಸಾಧ್ಯವಿದ್ದದ್ದು ತನ್ನ ಸದಸ್ಯನನ್ನು ಮಾತ್ರ. ಕೆಲಸ ಕೊಟ್ಟು, ಬಿಲ್ ಪಾವತಿಸಿದ ಓಕ್‌ಬೇ ಮೇಲೆ ಅದಕ್ಕೆ ಯಾವ ಹಿಡಿತವೂ ಇರಲಿಲ್ಲ. ಗುಪ್ತಾಗಳ ಮೇಲೆ ಬಂದ ಕೇಸುಗಳು ಬೇರೆ ವಿಷಯಕ್ಕೆ, ಈ ಪ್ರಚಾರಕ್ಕಲ್ಲ.

ಇದರ ತಲೆಕೆಳಗಿನ ಉದಾಹರಣೆಯೂ ಇದೆ. 1953ರ ಕೊನೆಯಲ್ಲಿ ಸಿಗರೇಟಿಗೂ ಕ್ಯಾನ್ಸರಿಗೂ ಸಂಬಂಧ ಇದೆಯೆಂಬ ಸಂಶೋಧನೆಗಳು ಬಂದಾಗ ಅಮೆರಿಕದ ತಂಬಾಕು ಕಂಪನಿಗಳು ಹಿಲ್ ಆ್ಯಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆಯ ಮೊರೆ ಹೋದವು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಹೇಳಿಕೆ ಬಂತು. ನಿಮ್ಮ ಆರೋಗ್ಯವೇ ನಮಗೆ ಮುಖ್ಯ, ನಾವೇ ಸಂಶೋಧನಾ ಸಮಿತಿ ಮಾಡುತ್ತೇವೆ ಎಂಬ ಅರ್ಥದ್ದು. ಸಮಿತಿಯ ಕೆಲಸ ನಿಜದಲ್ಲಿ ಅನುಮಾನವನ್ನು ಜೀವಂತ ಇಡುವುದಾಗಿತ್ತು. 2006ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತಂಬಾಕು ಕಂಪನಿಗಳು ಜನರನ್ನು ಮೋಸಗೊಳಿಸಿದವು ಎಂದು ತೀರ್ಪು ಕೊಟ್ಟರು. ಆ ಕೇಸಿನಲ್ಲಿ ಪಿಆರ್ ಸಂಸ್ಥೆ ಆರೋಪಿಯಾಗಿರಲಿಲ್ಲ. ಅಲ್ಲಿ ಗಿರಾಕಿ ಸಿಕ್ಕಿಬಿದ್ದ, ತಂತ್ರ ಹೇಳಿಕೊಟ್ಟವರು ಹೊರಗುಳಿದರು. ಈಚೆಗೆ ಗಾಳಿ ಸ್ವಲ್ಪ ಬದಲಾದಂತಿದೆ. ಚಟ ಹಿಡಿಸುವ ಓಪಿಯಾಯ್ಡ್ ನೋವುನಿವಾರಕಗಳ ಮಾರಾಟಕ್ಕೆ ಪರ್ಡ್ಯೂ ಕಂಪನಿಗೆ ನೆರವಾದ ಪಬ್ಲಿಸಿಸ್ ಹೆಲ್ತ್ ಏಜೆನ್ಸಿ 2024ರ ಫೆಬ್ರವರಿಯಲ್ಲಿ ಅಮೆರಿಕದ ರಾಜ್ಯಗಳಿಗೆ 35 ಕೋಟಿ ಡಾಲರ್ ಕೊಡಲು ಒಪ್ಪಿತು, ತಪ್ಪು ಒಪ್ಪಿಕೊಳ್ಳದೆ.

ಪಿಆರ್‌ನವರು ಇಲ್ಲಿ ಒಂದು ವಾದ ಮಂಡಿಸುತ್ತಾರೆ. ಕೊಲೆ ಆರೋಪಿಗೂ ವಕೀಲ ಬೇಕು, ಹಾಗೆಯೇ ಯಾವ ಕಂಪನಿಗೂ ತನ್ನ ಪರ ಮಾತಾಡುವವರು ಬೇಕು. ಕೇಳಲು ಚೆನ್ನಾಗಿದೆ. ಆದರೆ ಕೋರ್ಟಿನಲ್ಲಿ ಎದುರಿಗೆ ಇನ್ನೊಬ್ಬ ವಕೀಲ ಇರುತ್ತಾನೆ, ನಡುವೆ ನ್ಯಾಯಾಧೀಶರು ಇರುತ್ತಾರೆ, ಯಾರು ಯಾರ ಪರ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ವಕಾಲತ್ತಿಗೆ ಸಹಿ ಬಿದ್ದಿರುತ್ತದೆ. ಪಿಆರ್‌ನ ವಕಾಲತ್ತು ಕಣ್ಣಿಗೆ ಬೀಳಬಾರದೆಂಬುದೇ ಎಷ್ಟೋ ಸಲ ಕೆಲಸದ ಷರತ್ತು. ಕಂಪನಿ ಸುಮ್ನೆ ಇರಬಹುದು, ತನ್ನ ವಾದವನ್ನು ಗಟ್ಟಿಯಾಗಿ ಹೇಳಬಹುದು, ಅದಕ್ಕೆ ಚತುರರನ್ನು ನೇಮಿಸಬಹುದು. ಮುಖವಾಡ ಹಾಕಿಕೊಂಡು ಬರುವ ಹಕ್ಕು ಆ ವಾದದಿಂದ ಹುಟ್ಟುವುದಿಲ್ಲ.

ಮೊದಲು ರಿಪೇರಿ, ಆಮೇಲೆ ಮಾತು

ಎಲ್ಲ ಪಿಆರ್ ಕೆಟ್ಟದ್ದಲ್ಲ ಎಂದೆ. ಮುಂಬೈಯದೇ ಒಂದು ಪ್ರಸಂಗ ಹೇಳುತ್ತೇನೆ. 2003ರ ಅಕ್ಟೋಬರ್‌ನಲ್ಲಿ, ದೀಪಾವಳಿ ವ್ಯಾಪಾರದ ಹೊತ್ತಿಗೇ, ಕ್ಯಾಡ್‌ಬರಿ ಡೇರಿ ಮಿಲ್ಕ್‌ನಲ್ಲಿ ಹುಳ ಸಿಕ್ಕಿತೆಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಹೇಳಿತು. ಕಂಪನಿಯ ಮೊದಲ ಪ್ರತಿಕ್ರಿಯೆ ಅಂಗಡಿಯವರ ಮೇಲೆ ಬೊಟ್ಟು ಮಾಡಿತು: ಅವರು ಸರಿಯಾಗಿ ಇಟ್ಟುಕೊಂಡಿಲ್ಲ. ಹಾಗಾದರೆ ಪ್ಯಾಕಿಂಗ್ ಸರಿ ಇರಬೇಕಿತ್ತಲ್ಲ ಎಂದು ಎಫ್‌ಡಿಎ ತಿರುಗಿ ಕೇಳಿತು. ಮಾರಾಟ ಬಿತ್ತು. ಆಮೇಲೆ ಕಂಪನಿ ದಾರಿ ಬದಲಿಸಿತು. ‘ವಿಶ್ವಾಸ್’ ಎಂಬ ಹೆಸರಿನಲ್ಲಿ ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಕಾರ್ಯಕ್ರಮ ಶುರುಮಾಡಿತು. 2004ರ ಜನವರಿಯಲ್ಲಿ ಗಾಳಿಯಾಡದ ಹೊಸ ಪ್ಯಾಕಿಂಗ್ ತಂದಿತು. ಅಮಿತಾಭ್ ಬಚ್ಚನ್ ಅವರನ್ನು ಕರೆದು ಮಾತಾಡಿಸಿತು. ಬಚ್ಚನ್ ಮಾತಿಗೆ ಬೆಲೆ ಬಂದದ್ದು ಪ್ಯಾಕೆಟ್ ನಿಜವಾಗಿ ಬದಲಾಗಿದ್ದರಿಂದ. ಹಳೇ ಹಾಳೆಯಲ್ಲೇ ಸುತ್ತಿ ಬಚ್ಚನ್ ಕೈಯಲ್ಲಿ ಹಿಡಿಸಿದ್ದರೆ ಅದೊಂದು ದುಬಾರಿ ಸುಳ್ಳಾಗುತ್ತಿತ್ತು.

2012ರ ಜನವರಿಯಲ್ಲಿ ವೇದಾಂತ ಎಂಬ ಗಣಿ ಕಂಪನಿ ಮಾಡಿದ್ದು ಇದರ ಪಕ್ಕ ಇಟ್ಟು ನೋಡಬೇಕಾದ್ದು. ‘ಸಂತೋಷ ಸೃಷ್ಟಿ’ ಎಂಬ ಅರ್ಥದ ದೊಡ್ಡ ಪ್ರಚಾರ, ಜೊತೆಗೆ ಯುವ ಚಿತ್ರನಿರ್ಮಾಪಕರಿಗೆ ಕಿರುಚಿತ್ರ ಸ್ಪರ್ಧೆ. ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೋಂಧ ಆದಿವಾಸಿಗಳು ಗಣಿ ಬೇಡವೆಂದು ಹೋರಾಡುತ್ತಿದ್ದ ಸಮಯ ಅದು. ಟೀಕೆ ಜೋರಾದಾಗ ನಿರ್ದೇಶಕ ಶ್ಯಾಮ್ ಬೆನಗಲ್, ನಟಿ ಗುಲ್ ಪನಾಗ್ ತೀರ್ಪುಗಾರರ ಸ್ಥಾನದಿಂದ ಹಿಂದೆ ಸರಿದರು. ಮುಂದಿನ ವರ್ಷ ನಿಯಮಗಿರಿಯ 12 ಗ್ರಾಮಸಭೆಗಳೂ ಗಣಿಗಾರಿಕೆಯನ್ನು ತಿರಸ್ಕರಿಸಿದವು. ಗೋವಾದಲ್ಲಿರುವ ಕನ್ನಡಿಗರಿಗೆ ಈ ಕಂಪನಿ ಹೊಸದಲ್ಲ, ಸೇಸಾ ಗೋವಾ ಅದರದೇ. ಅದೇ 2012ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಷಾ ಆಯೋಗದ ವರದಿಯ ನಂತರ ಗೋವಾದ ಗಣಿಗಳೆಲ್ಲ ನಿಂತು, ಲಾರಿ ಓಡಿಸುತ್ತಿದ್ದವರು ಕೆಲಸ ಕಳೆದುಕೊಂಡರು. ಆ ಪ್ರಚಾರದಲ್ಲಿ ತೋರಿಸಿದ ಶಾಲೆ, ಅಂಗನವಾಡಿ ಸುಳ್ಳಾಗಿರಬೇಕಿಲ್ಲ. ಕೇಳುತ್ತಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಅಷ್ಟೇ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ಪಿಆರ್ ಏಜೆನ್ಸಿ ತೆರೆಯಲು ನಮ್ಮಲ್ಲಿ ವೃತ್ತಿಯ ಪರವಾನಗಿ ಬೇಕಿಲ್ಲ. ಡಾಕ್ಟರು, ವಕೀಲರು, ಸಿಎಗಳಿಗೆ ಇರುವಂಥ ಶಾಸನಬದ್ಧ ಮಂಡಳಿಯೂ ಇಲ್ಲ. ಸಂಘಗಳಿವೆ. ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ 1958ರಲ್ಲಿ ಶುರುವಾಯಿತು, 1968ರ ಏಪ್ರಿಲ್ 21ರಂದು ನೀತಿಸಂಹಿತೆ ಒಪ್ಪಿಕೊಂಡಿತು. ಏಜೆನ್ಸಿಗಳ ಸಂಘ 2001ರಲ್ಲಿ ಬಂತು. ಸಂಹಿತೆ ಓದಲು ಚೆನ್ನಾಗಿದೆ, ಸದಸ್ಯರಲ್ಲದವರಿಗೆ ಅದರ ಭಯವಿಲ್ಲ.

ಜಾಹೀರಾತಿನ ಕಡೆ ಹಿಡಿತ ಗಟ್ಟಿ. ಮುಂಬೈನಲ್ಲೇ ಇರುವ ಆ್ಯಸ್ಕಿ ಎಂಬ ಸ್ವಯಂ ನಿಯಂತ್ರಣ ಸಂಸ್ಥೆ 2021ರಲ್ಲಿ, ದುಡ್ಡು ಪಡೆದ ಇನ್‌ಫ್ಲುಯೆನ್ಸರ್‌ಗಳು ಪೋಸ್ಟಿನಲ್ಲಿ ಅದನ್ನು ಹೇಳಲೇಬೇಕು ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಮಾರ್ಗಸೂಚಿ ಏಜೆನ್ಸಿಗಳಿಗೂ ಅನ್ವಯಿಸುತ್ತದೆ. ಕಾಯ್ದೆಯಲ್ಲಿ ಜಾಹೀರಾತಿನ ವ್ಯಾಖ್ಯೆ ಎಷ್ಟು ಅಗಲವೆಂದರೆ ಬೆಳಕು, ಸದ್ದು, ಹೊಗೆ, ಅನಿಲದಿಂದ ಮಾಡಿದ ಪ್ರಚಾರವೂ ಅದರಲ್ಲಿ ಸೇರುತ್ತದೆ. ಹೊಗೆಯಲ್ಲಿ ಜಾಹೀರಾತು ಕೊಟ್ಟವರನ್ನು ನಾನಂತೂ ನೋಡಿಲ್ಲ. ಆದರೆ ಇದೆಲ್ಲ ಸರಕು, ಸೇವೆಗಳ ಮಾತು. ಒಂದು ಮಸೂದೆಯ ವಿರುದ್ಧ ಅಭಿಪ್ರಾಯ ಎಬ್ಬಿಸುವುದು, ಒಬ್ಬ ಹೋರಾಟಗಾರನ ಹೆಸರು ಕೆಡಿಸುವುದು, ಇಂಥ ಕೆಲಸ ಈ ಬಲೆಗೆ ಬೀಳುವುದಿಲ್ಲ. ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕೆಂಬ ಕಾನೂನೂ ನಮ್ಮಲ್ಲಿಲ್ಲ. ಸೆಬಿ ದೊಡ್ಡ 1000 ಲಿಸ್ಟೆಡ್ ಕಂಪನಿಗಳಿಂದ ಕೇಳುವ ಹೊಣೆಗಾರಿಕೆ ವರದಿಯ ಏಳನೇ ತತ್ತ್ವ ಹೀಗಿದೆ: ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವುದಾದರೆ ಹೊಣೆಯರಿತು, ಪಾರದರ್ಶಕವಾಗಿ ಮಾಡಿ ಎಂದು. ಕಂಪನಿಗಳ ವಾರ್ಷಿಕ ವರದಿ ತೆರೆದು ಏಳನೇ ತತ್ತ್ವದ ಕೆಳಗೆ ಏನು ಬರೆದಿದ್ದಾರೆ ನೋಡಿ. ಹೆಚ್ಚಾಗಿ ಯಾವ ವಾಣಿಜ್ಯ ಸಂಘದ ಸದಸ್ಯರು ಎಂಬ ಪಟ್ಟಿ ಸಿಗುತ್ತದೆ. ಪಿಆರ್ ಏಜೆನ್ಸಿಯ ಸುದ್ದಿ ಕಾಣಸಿಗುವುದು ಕಷ್ಟ.

ಹೊರಗಿನವರಿಂದ ಮಾಡಿಸಿದ ಕೆಲಸಕ್ಕೆ ಮಾಡಿಸಿದವರೇ ಹೊಣೆ ಎಂದು ಹೇಳಲು ನಮ್ಮ ಕಾನೂನಿಗೆ ಬರುವುದಿಲ್ಲ ಎಂದೇನಲ್ಲ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಕಂಪನಿಯ ಪರವಾಗಿ ಕೆಲಸ ಮಾಡುವ ಯಾರೇ ಸರ್ಕಾರಿ ನೌಕರನಿಗೆ ಲಂಚ ಕೊಟ್ಟರೂ ಕಂಪನಿ ಸಿಕ್ಕಿಬೀಳುತ್ತದೆ. ತಡೆಯಲು ಸಾಕಷ್ಟು ವ್ಯವಸ್ಥೆ ಮಾಡಿದ್ದೆ ಎಂದು ಅದೇ ತೋರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇನ್ನೂ ನೇರ: ಮಾಹಿತಿ ಸಂಸ್ಕರಣೆಯನ್ನು ಬೇರೆಯವರಿಗೆ ವಹಿಸಿದ್ದರೂ, ಅವರ ಜೊತೆ ಏನೇ ಒಪ್ಪಂದ ಬರೆದುಕೊಂಡಿದ್ದರೂ ಹೊಣೆ ಕಂಪನಿಯದೇ. ಪಿಆರ್‌ಗೆ ಮಾತ್ರ ಇಂಥ ಸಾಲು ಯಾರೂ ಬರೆದಿಲ್ಲ. ಪತ್ರಕರ್ತ ಸರ್ಕಾರಿ ನೌಕರನಲ್ಲ, ಹಾಗಾಗಿ ಪತ್ರಿಕಾಗೋಷ್ಠಿಯ ಲಕೋಟೆಗೆ ಲಂಚದ ಕಾಯ್ದೆ ತಾಗುವುದಿಲ್ಲ.

ಸಣ್ಣ ಗಿರಾಕಿಯೂ ಗಿರಾಕಿಯೇ

ಇದೆಲ್ಲ ದೊಡ್ಡ ಕಂಪನಿಗಳ ಕಥೆ ಅಂದುಕೊಳ್ಳಬೇಡಿ. ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ಪರಿಚಯದ ಶೆಟ್ಟರ ಬಳಿ ಡಿಜಿಟಲ್ ಏಜೆನ್ಸಿಯ ಹುಡುಗನೊಬ್ಬ ಬಂದಿದ್ದ. ತಿಂಗಳಿಗಿಷ್ಟು ಕೊಟ್ಟರೆ ಐದು ಸ್ಟಾರ್ ರಿವ್ಯೂ ಬರುತ್ತಲೇ ಇರುತ್ತವೆ, ಯಾರು ಬರೆಯುತ್ತಾರೆ ಎಂಬ ತಲೆಬಿಸಿ ನಿಮಗೆ ಬೇಡ ಎಂದನಂತೆ.

‘ಒಪ್ಪಿಕೊಂಡ್ರಾ ಶೆಟ್ರೇ?’ ಅಂತ ಕೇಳಿದೆ.

‘ಎಂತ ಒಪ್ಪೋದು ಮಾರಾಯ್ರೆ? ಕಾಂಟ್ರಾಕ್ಟ್ ಭಟ್ರು ಸಾಂಬಾರ್ ಹಾಳು ಮಾಡಿದ್ರೆ ಗಿರಾಕಿ ಭಟ್ರನ್ನ ಹುಡುಕಿಕೊಂಡು ಹೋಗ್ತಾನಾ? ಗಲ್ಲಾದಲ್ಲಿ ಕೂತವನಿಗೇ ಬೈಯೋದು.’

ಕಾನೂನಿನ ಪುಸ್ತಕ ಇನ್ನೂ ಬರೆಯದ ಸಾಲನ್ನು ಶೆಟ್ಟರು ಗಲ್ಲಾದಲ್ಲಿ ಕೂತೇ ಹೇಳಿಬಿಟ್ಟರು. ಆನ್‌ಲೈನ್ ರಿವ್ಯೂಗಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ, ಆದರೆ ಪಾಲಿಸಲೇಬೇಕೆಂಬ ಕಡ್ಡಾಯ ಇರಲಿಲ್ಲ. ಪಕ್ಕದ ಬೀದಿಯ ಹೋಟೆಲಿನವರು ಆ ಹುಡುಗನಿಗೆ ಹ್ಞೂಂ ಅಂದಿರಲೂಬಹುದು.

ಕಂಪನಿಯೊಂದು ನಿಜವಾಗಿ ಹೊಣೆ ಹೊರುತ್ತದೆಯೇ ಎಂದು ತಿಳಿಯಬೇಕಾದರೆ ಅದರ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಪುಟ ನೋಡಿ ಪ್ರಯೋಜನವಿಲ್ಲ. ಲಾಭದ ಶೇ 2ರ ಲೆಕ್ಕ ಬೇರೆ, ಇದು ಬೇರೆ. ನೋಡಬೇಕಾದ್ದು ಏಜೆನ್ಸಿ ಜೊತೆಗಿನ ಒಪ್ಪಂದವನ್ನು. ಗಿರಾಕಿಯ ಹೆಸರನ್ನು ಯಾರು ಕೇಳಿದರೂ ಹೇಳಬೇಕು ಎಂದು ಅದರಲ್ಲಿದೆಯೇ? ಏಜೆನ್ಸಿ ಕೆಳಗೆ ಯಾರಿಗೆ ಕೆಲಸ ಹಂಚಿತು ಎಂಬ ಪಟ್ಟಿ ಬರುತ್ತದೆಯೇ? ಹ್ಯಾಶ್‌ಟ್ಯಾಗ್ ಓಡಿಸುವವರು, ರಿವ್ಯೂ ಬರೆಯುವವರು ಇರುವುದು ಈ ಕೆಳಗಿನ ಪದರದಲ್ಲೇ. ಬಿಲ್ಲಿನಲ್ಲಿ ‘ಇತರೆ ಖರ್ಚು’ ಎಂಬ ಬಾಬ್ತಿಗೆ ಯಾರಾದರೂ ರಸೀದಿ ಕೇಳುತ್ತಾರೆಯೇ? ಕೆಲಸವನ್ನು ಅಳೆಯುವುದು ಯಾವುದರಿಂದ?

ಈಗಿನ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವುದು ಇದಕ್ಕೆ ವಿರುದ್ಧವಾದ ಸಾಲು. ಏನೇ ತಕರಾರು ಬಂದರೂ ನಷ್ಟವನ್ನೆಲ್ಲ ಏಜೆನ್ಸಿಯೇ ತುಂಬಿಕೊಡಬೇಕು ಎಂಬುದು. ವಕೀಲರಿಗೆ ಅದು ಮಾಮೂಲು ಸಾಲು, ಓದದೇ ಸಹಿ ಬೀಳುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಇರಬೇಕೆಂದು ನನ್ನ ಅಭಿಪ್ರಾಯ: ಸುಳ್ಳು ಹೇಳಿಸುವ ಅಥವಾ ಗಿರಾಕಿಯ ಗುರುತು ಮುಚ್ಚಿಡಿಸುವ ಕೆಲಸವನ್ನು ಏಜೆನ್ಸಿ ನಿರಾಕರಿಸಿದರೆ, ಆ ಕಾರಣಕ್ಕೆ ಗುತ್ತಿಗೆ ರದ್ದಾಗಬಾರದು, ರದ್ದಾದರೆ ನೋಟಿಸ್ ಅವಧಿಯ ಪೂರ್ತಿ ಫೀ ಕೊಡಬೇಕು. ಆಗ ಮಾತ್ರ ಆ ಎರಡು ವರ್ಷದ ಅನುಭವದ ಹುಡುಗ ಮೀಟಿಂಗಿನಲ್ಲಿ ‘ಸರ್, ಇದು ಬೇಡ’ ಎಂದು ಬಾಯಿಬಿಟ್ಟರೆ ಅವನ ಬಾಸ್ ಅವನ ಕಾಲು ತುಳಿಯುವುದಿಲ್ಲ.